ಮರೆತೆ ಎಂದು ಬರೆದಿದ್ದೀಯಲ್ಲ

ಮೈಸೂರು, ಶುಕ್ರವಾರ

ಚಿರಂಜೀವಿ ಪುಟ್ಟಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಮೂರನೆಯ ಪುಟದಲ್ಲಿ ಜಾಗ ಸಾಲದೆ ಅಂಚಿನಲ್ಲಿ ಬರೆದಿರುವ ಆ ಒಂದು ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದೇನೆ. "ರಾತ್ರಿ ಓದಿದ್ದು ಬೆಳಿಗ್ಗೆ ಒಂದೂ ನೆನಪಿರುವುದಿಲ್ಲ ಅತ್ತೆ, ಅಜ್ಜಿಗೆ ಆದದ್ದೇ ನನಗೂ ಶುರುವಾಗಿದೆಯೇನೋ." ಉಳಿದ ವಿಷಯಕ್ಕೆಲ್ಲ ನಿಮ್ಮಪ್ಪನಿಗೆ ಬೇರೆ ಬರೆಯುತ್ತೇನೆ.

ಇಪ್ಪತ್ತೆರಡರ ಹುಡುಗಿಯ ಕೈಯಲ್ಲಿ ಆ ಸಾಲನ್ನು ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ಆದರೆ ಅದು ಎಲ್ಲಿಂದ ಬಂತೆಂದು ಊಹಿಸಬಲ್ಲೆ. ಅಮೆರಿಕದ ವೈದ್ಯಕೀಯ ಕಾಲೇಜು ಸೇರಲು ಬರೆಯುವ ಆ ಎಂಕ್ಯಾಟ್ ಪರೀಕ್ಷೆಗೆ ನೀನು ಓದುತ್ತಿರುವ ಮನಶ್ಶಾಸ್ತ್ರದ ಭಾಗದಲ್ಲೇ ಹೊಸ ನೆನಪು ಕಟ್ಟುವ ಮೆದುಳಿನ ಭಾಗ ಹಿಪೊಕ್ಯಾಂಪಸ್ ಇದೆ, ಮರೆವಿನ ಕಾಯಿಲೆ ಆಲ್ಝೈಮರ್ಸ್ ಇದೆ. ಮನೆಯಲ್ಲಿ ಕಣ್ಣಾರೆ ಕಂಡದ್ದು ಪುಸ್ತಕದಲ್ಲಿ ಎದುರಾದರೆ ಯಾರಿಗೂ ಎದೆ ಝಲ್ಲೆನ್ನುತ್ತದೆ.

ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ನಿನ್ನ ಪಟ್ಟಿಯಲ್ಲಿ ಇದ್ದೇ ಇರುತ್ತಾನೆ. ಅವನನ್ನು ಒಂದು ಹೆಸರಾಗಿ ಓದಿ ಮುಂದೆ ಹೋಗಬೇಡ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಎಷ್ಟು ಉಳಿಯಿತು ಎಂದು ವರ್ಷಗಟ್ಟಲೆ ತನ್ನನ್ನೇ ಅಳೆದುಕೊಂಡು 1885ರಲ್ಲಿ ಪ್ರಕಟಿಸಿದ ಮನುಷ್ಯ. ಆ ಪ್ರಯೋಗ ನಡೆಸಿದಾಗ ಅವನಿಗೆ ಮೂವತ್ತರ ಆಸುಪಾಸು, ರೋಗ ರುಜಿನ ಏನೂ ಇರಲಿಲ್ಲ. ಒಂದು ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು, ಒಂದು ದಿನದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೋಯಿತು. ಆದರೆ ಎರಡನೆಯ ಸಲ ಕಲಿಯಲು ಮೊದಲಿನಷ್ಟು ಹೊತ್ತು ಬೇಕಾಗಲಿಲ್ಲ. ಪೂರ್ತಿ ಮರೆತೆ ಎಂದುಕೊಂಡದ್ದರಲ್ಲೂ ಏನೋ ಒಳಗೆ ಉಳಿದಿತ್ತು. ನಿನಗೆ ಆಗುತ್ತಿರುವುದು ಇದು, ಪುಟ್ಟಿ.

ಅಸಿಮಿಲೇಷನ್ ಎಂಬ ಪದವನ್ನು ಪ್ರತಿ ಸಲ ತಪ್ಪುತ್ತೇನೆ ಎಂದಿದ್ದೀಯ. ತಪ್ಪದೆ ಏನು ಮಾಡೀತು? ಮಕ್ಕಳ ಬುದ್ಧಿ ಬೆಳೆಯುವ ಬಗೆಯನ್ನು ಅಧ್ಯಯನ ಮಾಡಿದ ಪಿಯಾಜೆ ಅದನ್ನು ಮಗುವಿನ ವಿಷಯದಲ್ಲಿ ಹೇಳುತ್ತಾನೆ: ನಾಯಿಯನ್ನು ಬಲ್ಲ ಮಗು ಕರುವನ್ನು ಕಂಡು ಅದನ್ನೂ ನಾಯಿ ಎನ್ನುತ್ತದೆ, ಹೊಸದನ್ನು ಹಳೆಯ ಚೌಕಟ್ಟಿಗೆ ಸೇರಿಸಿಕೊಳ್ಳುತ್ತದೆ. ಸಮಾಜಶಾಸ್ತ್ರದವರು ಅದೇ ಪದವನ್ನು ವಲಸೆ ಹೋದವರು ಅಲ್ಲಿನವರಂತೆಯೇ ಆಗಿಬಿಡುವುದಕ್ಕೆ ಬಳಸುತ್ತಾರೆ. ಎರಡು ಅರ್ಥ ಒಂದನ್ನೊಂದು ತಳ್ಳುವುದು ಸಹಜ, ಆ ತಳ್ಳಾಟಕ್ಕೆ ಇಂಟರ್‌ಫಿಯರೆನ್ಸ್ ಎಂಬ ಹೆಸರೂ ನಿನ್ನ ಪಟ್ಟಿಯಲ್ಲೇ ಇದೆ. ಎರಡನೆಯ ಅರ್ಥಕ್ಕೆ ನಿಮ್ಮ ಮನೆಯನ್ನೇ ನೆನೆದುಕೋ. ನೀವು ಅಲ್ಲಿ ಎಷ್ಟು ಕರಗಿದ್ದೀರಿ, ಎಷ್ಟು ಕರಗಿಲ್ಲ ಎಂದು ಊಟದ ಹೊತ್ತಿಗೆ ಗೊತ್ತಾಗುತ್ತದೆ.

ಅಮ್ಮನಿಗೆ, ಅಂದರೆ ನಿನ್ನ ಅಜ್ಜಿಗೆ, ಆದದ್ದು ಇದಲ್ಲ. ಇದನ್ನು ನಾನು ಯಾರಿಗೂ ಹೇಳಿಲ್ಲ, ನಿನಗೆ ಹೇಳಬೇಕು. ಆಗ ಅವಳಿಗೆ ಎಪ್ಪತ್ತೊಂದು. ಹಾಲಿನವನು ಬಂದನೇ ಎಂದು ಒಂದೇ ಬೆಳಿಗ್ಗೆ ಐದಾರು ಸಲ ಕೇಳುತ್ತಿದ್ದಳು. ನಾನು ಆಗಷ್ಟೇ ಕಾಲೇಜಿನಲ್ಲಿ ನೆನಪಿನ ಅಧ್ಯಾಯವನ್ನು ಪಾಠ ಮಾಡಿ ಬಂದವಳು, ಮನೆಗೆ ಬಂದು ಅವಳನ್ನು ಗದರಿಸುತ್ತಿದ್ದೆ. ಆಮೇಲೆ ಅದಕ್ಕಿಂತ ಕೆಟ್ಟದ್ದನ್ನು ಮಾಡಿದೆ. ಇವತ್ತು ಯಾವ ವಾರ, ನಿನ್ನೆ ಯಾರು ಬಂದಿದ್ದರು ಎಂದು ವಿದ್ಯಾರ್ಥಿಯನ್ನು ಕೇಳುವಂತೆ ಕೇಳುತ್ತಿದ್ದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನನ್ನ ಮುಖದಲ್ಲಿ ಉತ್ತರ ಹುಡುಕುತ್ತಿದ್ದಳು. ಆ ನೋಟ ನನ್ನನ್ನು ಇನ್ನೂ ಬಿಟ್ಟಿಲ್ಲ. ನೀನು ಕನ್ನಡಿಯ ಮುಂದೆ ಕೂತು ನಿನ್ನನ್ನೇ ಹಾಗೆ ಪರೀಕ್ಷೆ ಮಾಡಿಕೊಳ್ಳುತ್ತಿರಬಹುದು ಎಂದು ಹೆದರಿಕೆ. ಮಾಡಬೇಡ.

ಅವಳ ಕೈ ಮಾತ್ರ ಏನನ್ನೂ ಮರೆಯಲಿಲ್ಲ. ಹತ್ತಿಯ ಚೂರನ್ನು ಎಳೆದು ಹಿಂಜಿ, ಬೆರಳಿಗೆ ಚೂರು ವಿಭೂತಿ ಮುಟ್ಟಿಸಿಕೊಂಡು, ತುದಿಯನ್ನು ಹೊಸೆದು ಹೂಬತ್ತಿ ಮಾಡುತ್ತಿದ್ದಳು. ಒಂದರ ಹಾಗೆಯೇ ಇನ್ನೊಂದು. ಎಷ್ಟು ಮಾಡಿದೆ ಎಂದರೆ, ನಾನೆಲ್ಲಿ ಮಾಡಿದೆ ಎನ್ನುತ್ತಿದ್ದಳು. ಎಚ್.ಎಂ. ಎಂಬ ರೋಗಿಯ ಬಗ್ಗೆ ಓದಿರುತ್ತೀಯ, 1953ರಲ್ಲಿ ಮೂರ್ಛೆರೋಗಕ್ಕೆಂದು ಮೆದುಳಿನ ಶಸ್ತ್ರಚಿಕಿತ್ಸೆಯಾಗಿ, ಆಮೇಲೆ ಹೊಸ ನೆನಪು ನಿಲ್ಲದಾದವನು. ಕನ್ನಡಿ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದುವುದರಲ್ಲಿ ಅವನ ಕೈ ದಿನದಿಂದ ದಿನಕ್ಕೆ ಪಳಗಿತು, ಹಿಂದೆ ಅದನ್ನು ಮಾಡಿದ್ದೇ ಅವನಿಗೆ ತಿಳಿಯದು. ಹೇಳಬಲ್ಲ ನೆನಪು ಬೇರೆ, ಕೈಯ ನೆನಪು ಬೇರೆ ಎಂದು ಇಪ್ಪತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದೆ. ಮನೆಯ ಹಜಾರದಲ್ಲಿ ಕೂತಿದ್ದನ್ನು ನೋಡಲಿಲ್ಲ.

ಏನೋ ಹೇಳಹೊರಟು ಎಲ್ಲಿಗೋ ಬಂದೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ನಮ್ಮ ಮೈಸೂರಿನವರೇ. 1948ರಲ್ಲಿ ಇಲ್ಲೇ ಹತ್ತಿರದ ಹಳ್ಳಿಯೊಂದರಲ್ಲಿ ಇದ್ದು ಅಧ್ಯಯನ ಮಾಡಿದರು, ಬರೆಯುವಾಗ ಅದಕ್ಕೆ ರಾಂಪುರ ಎಂದು ಹೆಸರಿಟ್ಟರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಬೆಂಕಿ ಹಚ್ಚಿ, ಅವರು ಸಿದ್ಧಪಡಿಸಿಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಆಮೇಲೆ ಅವರು ನೆನಪಿನಿಂದಲೇ ಆ ಹಳ್ಳಿಯನ್ನು ಬರೆದರು, 1976ರಲ್ಲಿ ಪುಸ್ತಕವಾಯಿತು. ಜನರ ನಡುವೆ ಇದ್ದು ಕಂಡದ್ದಾದ್ದರಿಂದ ಉಳಿಯಿತು ಎಂದು ನನಗೆ ಅನ್ನಿಸುತ್ತದೆ. ಪಟ್ಟಿ ಮಾಡಿ ಉರು ಹೊಡೆದಿದ್ದರೆ ಉಳಿಯುತ್ತಿತ್ತೇ?

ಈ ಪರೀಕ್ಷೆಯ ರೀತಿ ನೀನೇ ಬಲ್ಲೆ, ನಾನು ಹೇಳುವುದು ಸರಿಯಲ್ಲ. ಆದರೂ ನೀನು ಬರೆದ ಲೆಕ್ಕದಲ್ಲೇ ಈ ಮನಶ್ಶಾಸ್ತ್ರದ ಭಾಗದ 59 ಪ್ರಶ್ನೆಗಳಲ್ಲಿ 44 ಪ್ರಶ್ನೆಗಳು ಕೊಟ್ಟ ಭಾಗವನ್ನು ಓದಿ ಉತ್ತರಿಸುವಂಥವು. ಅಲ್ಲಿ ಕೊಟ್ಟ ಆಯ್ಕೆಗಳ ನಡುವೆ ಉತ್ತರ ಕಣ್ಣೆದುರಿಗೇ ಇರುತ್ತದೆ, ಗುರುತು ಹಿಡಿದರಾಯಿತು. ಖಾಲಿ ಹಾಳೆಯ ಮುಂದೆ ನೆನಪಿಸಿಕೊಳ್ಳುವುದು ಅದಕ್ಕಿಂತ ಕಷ್ಟ, ನೀನು ಬೆಳಿಗ್ಗೆ ನಿನ್ನಿಂದ ಕೇಳುತ್ತಿರುವುದು ಆ ಕಷ್ಟದ್ದನ್ನು. ಓದಿದ್ದನ್ನು ಮುಚ್ಚಿಟ್ಟು ಒಮ್ಮೆ ಗಟ್ಟಿಯಾಗಿ ಹೇಳಿಕೋ, ಎರಡು ದಿನ ಬಿಟ್ಟು ಮತ್ತೆ ಹೇಳಿಕೋ. ತಪ್ಪಿದರೆ ತಪ್ಪಲಿ. ರಾತ್ರಿ ಎರಡು ಗಂಟೆಯವರೆಗೆ ಓದುವುದನ್ನು ಬಿಡು ಎನ್ನಬೇಕೆಂದಿದ್ದೆ. ನಿದ್ದೆಯಲ್ಲೇ ನೆನಪು ಗಟ್ಟಿಯಾಗುವುದು. ಆದರೆ ಅಲ್ಲಿ ನಿನ್ನ ಕೆಲಸದ ಹೊತ್ತು ಹೇಗಿದೆಯೋ ನನಗೆ ತಿಳಿಯದು, ಬೇಸರ ಮಾಡಿಕೊಳ್ಳಬೇಡ.

ಇಷ್ಟಾದರೂ ಆ ಭಯ ಹೋಗದಿದ್ದರೆ ಅಲ್ಲಿನ ಡಾಕ್ಟರರ ಹತ್ತಿರ ಬಾಯಿಬಿಟ್ಟು ಹೇಳು. ನಾನು ಅಮ್ಮನನ್ನು ಕರೆದುಕೊಂಡು ಹೋಗಲು ಎರಡು ವರ್ಷ ತಡಮಾಡಿದೆ.

ಅವಳು ಹೊಸೆದ ಬತ್ತಿಗಳು ಒಂದು ಡಬ್ಬಿ ತುಂಬ ಇವೆ, ಹಚ್ಚಲು ನನಗೆ ಮನಸ್ಸು ಬಂದಿಲ್ಲ. ನಿಮ್ಮಪ್ಪ ಬಂದಾಗ ಅರ್ಧ ನಿನಗೆ ಕೊಟ್ಟು ಕಳಿಸುತ್ತೇನೆ. ರಾತ್ರಿ ಆ ಯೋಚನೆ ಬಂದರೆ ಅಂಚಿನಲ್ಲಿ ಬರೆದಿಡಬೇಡ, ಆಗಲೇ ಫೋನ್ ಮಾಡು. ಇಲ್ಲಿ ಹಗಲಿರುತ್ತದೆ, ನಾನು ಎದ್ದೇ ಇರುತ್ತೇನೆ.

ಇತಿ ನಿನ್ನ ಪ್ರೀತಿಯ
ಅತ್ತೆ