ಬೀರುವಿನ ಬೀಗ ತೆಗೆಸಲು ನೆರವಾಗಿ: ಒಂದು ಮನವಿ

ಪುಸ್ತಕಪ್ರಿಯರೇ,

2020ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದಾಗ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತವಾಯಿತು. ಮಕ್ಕಳು ಬಾಗಿಲವರೆಗೇನೋ ಬಂದರು. ಆದರೆ ಎಷ್ಟೋ ಕಡೆ ಎದುರಾಗುವುದು ಬೀಗ ಹಾಕಿದ ಬೀರು, ಮೇಜಿನ ಮೇಲೆ ಪರೀಕ್ಷೆಯ ಗೈಡು. ಪುಸ್ತಕ ಹರಿದರೆ ಲೆಕ್ಕ ಕೊಡಬೇಕಾದವರು ಮೇಲ್ವಿಚಾರಕರು. ಬೀಗ ಹಾಕಿದರೆಂದು ಅವರನ್ನು ದೂರುವುದು ತಪ್ಪು.

ಒಂದು ಗ್ರಂಥಾಲಯಕ್ಕೆ ನಾವು ಕೇಳುತ್ತಿರುವುದು 15,000 ರೂ. ಅದರಲ್ಲಿ 9,000 ರೂ.ಗೆ ತಲಾ ಸುಮಾರು 60 ರೂ.ನಂತೆ 150 ತೆಳು ಪುಸ್ತಕ: 16ರಿಂದ 24 ಪುಟ, ದಪ್ಪಕ್ಷರ, ಪುಟಕ್ಕೆ ಎರಡು-ಮೂರು ಸಾಲು. ಮೂರನೇ ತರಗತಿಯಲ್ಲೂ ಒತ್ತಕ್ಷರ ಬಂದಲ್ಲಿ ತಡವರಿಸುವ ಮಕ್ಕಳಿದ್ದಾರೆ. ಸಾಲಿಗೆ ನಾಲ್ಕು ಒತ್ತಕ್ಷರವಿದ್ದರೆ ಚಿತ್ರ ನೋಡಿ ಮುಚ್ಚಿಡುತ್ತಾರೆ. 4,000 ರೂ. ಮಗುವಿನ ಎದೆಮಟ್ಟದ ರ್‍ಯಾಕಿಗೆ. ಅದರಲ್ಲಿ ಪುಸ್ತಕದ ಮುಖಪುಟ ಕಾಣಬೇಕು. ತೆಳು ಪುಸ್ತಕದ ಬೆನ್ನಿನ ಮೇಲೆ ಹೆಸರೇ ಇರುವುದಿಲ್ಲ, ಬೆನ್ನಷ್ಟೇ ಕಾಣುವಂತೆ ಜೋಡಿಸಿದರೆ ಯಾರೂ ಮುಟ್ಟುವುದಿಲ್ಲ.

ಉಳಿದ 2,000 ರೂ. ಜಮಖಾನ ಮತ್ತು ದುರಸ್ತಿಗೆ. ಮಳೆಗಾಲದಲ್ಲಿ ಪಿನ್ ತುಕ್ಕು ಹಿಡಿದು ನಡುಪುಟ ಕಳಚುತ್ತದೆ. ಪಿನ್ ಕಿತ್ತು, ಮಡಿಕೆಯ ಮೇಲೆ ಮೂರು ತೂತು ಮಾಡಿ ದಪ್ಪ ನೂಲಿನಲ್ಲಿ ಹೊಲಿದರೆ ಮತ್ತೆ ಬಾಳುತ್ತದೆ. ಸೆಲ್ಲೋಟೇಪ್ ಬೇಡ, ಹಳದಿಗಟ್ಟಿ ಕಾಗದವನ್ನೇ ಕೆಡಿಸುತ್ತದೆ.

ದುಡ್ಡಿಲ್ಲದೆಯೂ ಕೊಡಬಹುದಾದದ್ದು ಶನಿವಾರದ ಅರ್ಧ ಗಂಟೆ, ಗ್ರಂಥಾಲಯದಲ್ಲಿ ಮಕ್ಕಳಿಗೆ ಕಥೆ ಓದಿ ಹೇಳಲು. ಕಥೆಯನ್ನು ಮೊದಲು ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿಕೊಂಡು ಬನ್ನಿ. ಪುಸ್ತಕವನ್ನು ಭುಜದ ಪಕ್ಕ, ಚಿತ್ರ ಮಕ್ಕಳ ಕಡೆಗಿರುವಂತೆ ಹಿಡಿಯಿರಿ. ಕೆಳತುದಿಯಿಂದ ಹಾಳೆ ತಿರುವಿದರೆ ಕೈ ಚಿತ್ರಕ್ಕೆ ಅಡ್ಡ ಬರುವುದಿಲ್ಲ. ಮತ್ತೆ ಮತ್ತೆ ಬರುವ ಸಾಲನ್ನು ಅರ್ಧಕ್ಕೇ ನಿಲ್ಲಿಸಿ, ಉಳಿದದ್ದನ್ನು ಅವರೇ ಕೂಗುತ್ತಾರೆ. ಮುಗಿದ ಮೇಲೆ ‘ನೀತಿ ಏನು?’ ಎಂದು ಮಾತ್ರ ಕೇಳಬೇಡಿ. ಕೇಳಿದಿರೋ, ಮುಂದಿನ ವಾರ ಹಿಂದಿನ ಸಾಲು ಖಾಲಿ! ಅದೇ ಪುಸ್ತಕವನ್ನು ಅಂದೇ ಮನೆಗೆ ಒಯ್ಯಲು ಬಿಡಿ. ಕೇಳಿದ ಕಥೆಯನ್ನು ಮಗು ತಾನೇ ಓದಿಕೊಳ್ಳುವುದು ಸುಲಭ.

ಹಳೆಯ ಪಠ್ಯಪುಸ್ತಕ, ಗೈಡು, ಒಂದೆರಡು ಸಂಪುಟ ತಪ್ಪಿದ ವಿಶ್ವಕೋಶ ದಯವಿಟ್ಟು ಕಳಿಸಬೇಡಿ. ದೇಣಿಗೆಯನ್ನು ಚೆಕ್ ಅಥವಾ ಯುಪಿಐ ಮೂಲಕ ಕೊಡಿ, 2,000 ರೂ. ಮೀರಿದ ನಗದಿಗೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. ರಸೀದಿಯ ಜೊತೆ, ನಿಮ್ಮ ಹಣದಲ್ಲಿ ಕೊಂಡ ಪುಸ್ತಕಗಳ ಪಟ್ಟಿಯನ್ನೂ ಕಳಿಸುತ್ತೇವೆ.

— ಟ್ರಸ್ಟಿನ ಪರವಾಗಿ, ಕಾರ್ಯದರ್ಶಿ