ಪುಟ್ಟಿಗೆ, ಫುರ್ಟ್‌ವೆಂಗ್ಲರ್ ಬಗ್ಗೆ

ಪ್ರೀತಿಯ ಪುಟ್ಟಿ,

ಹೈಡೆಲ್‌ಬರ್ಗ್‌ನಲ್ಲಿ ರೂಮು ಸಿಕ್ಕಿತು ಅಂತ ನೀನು ಹೇಳಿದ ತಕ್ಷಣ ನನಗೆ ನೆನಪಾಗಿದ್ದು ಜರ್ಮನಿಯ ಆರ್ಕೆಸ್ಟ್ರಾ ನಿರ್ದೇಶಕ ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಅವರನ್ನು ಮಣ್ಣು ಮಾಡಿದ್ದು ಆ ಊರಲ್ಲೇ, ಬೆರ್ಗ್‌ಫ್ರೀಡ್‌ಹೋಫ್ ಅನ್ನೋ ಗುಡ್ಡದ ಸ್ಮಶಾನದಲ್ಲಿ, ತಾಯಿಯ ಪಕ್ಕ. ಬಿಡುವಾದಾಗ ಹೋಗಿ ಬಾ ಮಗಳೇ. ಹೋಗುವ ಮುಂಚೆ ಒಂದು ಹಾಡು ಕೇಳು.

1950ರ ಮೇ 22, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್. ಜರ್ಮನ್ ಸಂಗೀತಕಾರ ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಹಾಡುಗಳನ್ನು ಜನ ಮೊದಲ ಸಲ ಕೇಳಿದ ದಿನ. ಸ್ಟ್ರಾಸ್ ತೀರಿಕೊಂಡು ಆಗಲೇ ಎಂಟು ತಿಂಗಳಾಗಿತ್ತು. ಹಾಡಿದ್ದು ನಾರ್ವೆಯ ಕಿರ್‌ಸ್ಟೆನ್ ಫ್ಲಾಗ್‌ಸ್ಟಾಡ್. ಅವರೇ ಹಾಡಬೇಕು ಅನ್ನೋದು ಸ್ಟ್ರಾಸ್ ಆಸೆಯಾಗಿತ್ತು. ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾವನ್ನು ನಡೆಸಿದ್ದು ಫುರ್ಟ್‌ವೆಂಗ್ಲರ್. ಇಷ್ಟಕ್ಕೆಲ್ಲ ದುಡ್ಡಿನ ಭರವಸೆ ಕೊಟ್ಟಿದ್ದು ಯಾರು ಗೊತ್ತಾ? ನಮ್ಮ ಜಯಚಾಮರಾಜ ಒಡೆಯರು! 4,800 ಡಾಲರ್. ಅದನ್ನು ಧ್ವನಿಮುದ್ರಿಸಿ ಮೈಸೂರಿಗೆ ತರಿಸಿಕೊಳ್ಳಬೇಕು ಅಂತ ಅವರಿಗೆ. ಅವರ ಹತ್ತಿರ ಆಗಲೇ ಸುಮಾರು 20,000 ರೆಕಾರ್ಡುಗಳಿದ್ದವಂತೆ. ನೀನು ದಿನಾ ಅರಮನೆ ಮುಂದೆ ಸೈಕಲ್ ತುಳಿದುಕೊಂಡು ಸ್ಕೂಲಿಗೆ ಹೋಗುತ್ತಿದ್ದಾಗ ಇದನ್ನು ಹೇಳಬೇಕಿತ್ತು, ಹೇಳಲೇ ಇಲ್ಲ.

ಆ ಮುದ್ರಣ ಈಗ ಸಿಡಿಯಲ್ಲಿದೆ. ಜಾಸ್ತಿ ಕರಕರ ಸದ್ದು. ನಿಮ್ಮಮ್ಮ "ಮಳೇಲಿ ರೇಡಿಯೋ ಹಚ್ಚಿದ ಹಾಗಿದೆ" ಅಂತಾಳೆ. ಇದೇ ಹಾಡುಗಳ ಸ್ವಚ್ಛವಾದ ಮುದ್ರಣಗಳು ಬೇಕಾದಷ್ಟಿವೆ, ನನ್ನ ಹತ್ತಿರವೂ ಇವೆ. ಆದರೂ ನನ್ನ ಕೈ ಹೋಗುವುದು ಇದಕ್ಕೇ. ಫುರ್ಟ್‌ವೆಂಗ್ಲರ್ ಕೈ ತಾಳ ಹಾಕುವ ಕೈ ಅಲ್ಲ. ಅದು ನಡುಗುತ್ತಾ ಕೆಳಗಿಳಿಯುತ್ತಿತ್ತು, ಎಡುಪು, ಅಂದರೆ ಶುರುವಾಗುವ ಜಾಗ, ಎಲ್ಲಿ ಅಂತ ಹೊಸಬರಿಗೆ ತಿಳಿಯುತ್ತಲೇ ಇರಲಿಲ್ಲ. ವಾದಕರು ಒಬ್ಬರನ್ನೊಬ್ಬರು ಕೇಳಿಸಿಕೊಂಡು ಒಳಗೆ ಬರಬೇಕಿತ್ತು. ಅದಕ್ಕೇ ಅವರ ಆರ್ಕೆಸ್ಟ್ರಾದಲ್ಲಿ ನಾದ ಥಟ್ಟನೆ ಶುರುವಾಗುವುದಿಲ್ಲ. ಶ್ರುತಿ ಸೇರಿದ ತಂಬೂರಿಯ ಹಾಗೆ, ಮೊದಲೇ ಅಲ್ಲಿತ್ತೇನೋ ಅನ್ನಿಸುತ್ತದೆ.

ಫೋನಿನಲ್ಲಿ ನೀನು ಕೇಳಿದೆಯಲ್ಲ, "ಹಿಟ್ಲರ್ ಕಾಲದಲ್ಲಿ ಅವರು ಜರ್ಮನಿ ಬಿಡಲಿಲ್ಲ ಅಲ್ವಾ ಅಪ್ಪ?" ಹೌದು, 1945ರ ಶುರುವಿನವರೆಗೂ ಬಿಡಲಿಲ್ಲ. 1934ರಲ್ಲಿ, ನಾಜಿಗಳಿಗೆ ಆಗದಿದ್ದ ಸಂಗೀತಕಾರ ಹಿಂಡೆಮಿತ್ ಪರ ನಿಂತು ಹುದ್ದೆಗಳನ್ನು ಬಿಟ್ಟರು. ಯೆಹೂದಿ ಸಂಗೀತಗಾರರಿಗೆ ನೆರವಾದರು. ಅದೇ ಮನುಷ್ಯ 1942ರಲ್ಲಿ ಹಿಟ್ಲರ್ ಹುಟ್ಟುಹಬ್ಬದ ಹಿಂದಿನ ದಿನ ಬೀಥೋವನ್‌ನ ಒಂಬತ್ತನೇ ಸಿಂಫನಿ ನಡೆಸಿಕೊಟ್ಟರು. ಯುದ್ಧದ ನಂತರ ವಿಚಾರಣೆಯಲ್ಲಿ ದೋಷಮುಕ್ತರಾದರು, ನಿಜ. ಆದರೆ ಆ ದಿನದ ಮುದ್ರಣವನ್ನು ನಾನು ಒಂದೇ ಸಲ ಕೇಳಿದ್ದೇನೆ. ಮತ್ತೆ ಹಾಕಲು ಮನಸ್ಸು ಬರಲಿಲ್ಲ. ಬಿಟ್ಟು ಹೋಗಬೇಕಿತ್ತು ಅಂತಲೇ ನನಗೆ ಅನ್ನಿಸುವುದು. ಇದನ್ನು ನಿನ್ನಿಂದ ಮುಚ್ಚಿಟ್ಟು ಅವರನ್ನು ಹೊಗಳಲಾರೆ.

ಈಗ ನಾಲ್ಕನೇ ಹಾಡಿಗೆ ಬಾ. ಹೆಸರು 'ಸಂಜೆಗೆಂಪಿನಲ್ಲಿ'. ವಯಸ್ಸಾದ ಇಬ್ಬರು ಕೈ ಕೈ ಹಿಡಿದು ನಡೆದು ನಡೆದು ದಣಿದಿದ್ದಾರೆ. ಮೇಲೆ ಎರಡು ಬಾನಾಡಿಗಳು, ಅಂದರೆ ಎರಡು ಕೊಳಲು. "ಇದೇ ಏನು ಸಾವು?" ಅಂತ ಕೇಳಿ ಫ್ಲಾಗ್‌ಸ್ಟಾಡ್ ದನಿ ನಿಲ್ಲುತ್ತದೆ. ಆಗ ಸ್ಟ್ರಾಸ್ ಸುಮಾರು ಅರವತ್ತು ವರ್ಷ ಹಿಂದೆ, ತರುಣನಾಗಿದ್ದಾಗ, ಸಾವಿನ ಬಗ್ಗೆಯೇ ಬರೆದಿದ್ದ ಒಂದು ಧಾಟಿ ಮೆಲ್ಲಗೆ ಬರುತ್ತದೆ. ಫುರ್ಟ್‌ವೆಂಗ್ಲರ್ ಅಲ್ಲಿ ಸ್ವಲ್ಪವೂ ಅವಸರ ಮಾಡುವುದಿಲ್ಲ. ನಾಲ್ಕು ವರ್ಷದಲ್ಲಿ, 1954ರ ನವೆಂಬರ್ 30ಕ್ಕೆ, ಅವರೂ ಹೋದರು.

ರಾತ್ರಿ ಗಲಾಟೆ ಇಲ್ಲದಾಗ ಕೇಳು. ದನಿ ನಿಂತಿತು ಅಂತ ಆಫ್ ಮಾಡಿಬಿಡಬೇಡ ಪುಟ್ಟಿ. ಆ ಎರಡು ಕೊಳಲು ಇನ್ನೊಮ್ಮೆ ಬರುತ್ತವೆ.

ನಿನ್ನ
ಅಪ್ಪ