ಆ ಸ್ಕ್ರೂ ಇರುವುದೇ ಮುಟ್ಟುವುದಕ್ಕೆ

ಮಾನ್ಯ ಸಂಪಾದಕರೇ,

ನಮ್ಮ ಕಡೆಯ ರೈಫಲ್ ಶಿಬಿರದ ಮಕ್ಕಳು ‘ಒತ್ತಡದಿಂದ’ ಕಡಿಮೆ ಅಂಕ ತೆಗೆದರು ಎಂದು ನಿಮ್ಮ ಪತ್ರಿಕೆಯಲ್ಲಿ ಓದಿದೆ. ನನ್ನ ಮೊಮ್ಮಗಳೂ ಅಲ್ಲಿದ್ದಳು. ಒತ್ತಡವೂ ಇಲ್ಲ, ಮಣ್ಣೂ ಇಲ್ಲ. ಬಂದೂಕು ಅವಳ ಮೈಗೆ ಕೂರುತ್ತಿರಲಿಲ್ಲ, ಅಷ್ಟೇ.

ಹನ್ನೊಂದು ಮಕ್ಕಳಿಗೆ ಒಂದೇ ರೈಫಲ್. ಅದಕ್ಕೆ ನನ್ನ ತಕರಾರಿಲ್ಲ, ಸ್ಪರ್ಧೆಯ ರೈಫಲ್ ಬೆಲೆ ನನಗೂ ಗೊತ್ತು. ಆದರೆ ಬಟ್ ಪ್ಲೇಟಿನ, ಅಂದರೆ ಭುಜಕ್ಕೆ ಆನಿಸುವ ಹಿಂಬದಿಯ ಪಟ್ಟಿಯ, ಸ್ಕ್ರೂಗಳಿಗೆ ಟೇಪ್ ಸುತ್ತಿ ‘ಮುಟ್ಟಬೇಡಿ’ ಅಂತ ಚೀಟಿ ಅಂಟಿಸಿದ್ದರು!

ನಮ್ಮ ಕೊಡಗಿನ ಕೈಲ್ ಮುಹೂರ್ತ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯಲು ಮನೆಯ ಕೋವಿ ಇದ್ದ ಹಾಗೇ ಸಾಕು. 50 ಮೀಟರ್ ತ್ರೀ ಪೊಸಿಷನ್ ಬೇರೆ ಆಟ. ಮಂಡಿಯೂರಿ, ಮಲಗಿ, ನಿಂತು ತಲಾ 20 ಗುಂಡು. ಹತ್ತು ಅಂಕದ ವೃತ್ತ 10.4 ಮಿಲಿಮೀಟರ್, ಹೆಚ್ಚುಕಡಿಮೆ ಅಂಗಿಯ ಗುಂಡಿಯಷ್ಟು. ಭಂಗಿ ಬದಲಾದಂತೆ ತೋಳು, ಕುತ್ತಿಗೆ, ಕಣ್ಣು ಎಲ್ಲದರ ಜಾಗ ಬದಲಾಗುತ್ತದೆ. ಬಂದೂಕು ಮಾತ್ರ ಹಾಗೇ ಇದ್ದರೆ ಹೇಗೆ?

ಮೊಮ್ಮಗಳು ನಿಂತು ಗುರಿ ಹಿಡಿದದ್ದು ನೋಡಿದೆ. ಬಟ್ ಪ್ಲೇಟ್ ಮಲಗಿ ಹೊಡೆಯುವ ಎತ್ತರದಲ್ಲೇ ಇತ್ತು. ರೈಫಲ್ ತಗ್ಗಿನಲ್ಲಿ ಕೂತಿದ್ದರಿಂದ, ಪಾಪ, ಕುತ್ತಿಗೆ ಬಗ್ಗಿಸಿ ಗುರಿ ನೋಡುವ ಸೈಟ್ ಹುಡುಕುತ್ತಿದ್ದಳು. ಎರಡು ದಿನ ಕುತ್ತಿಗೆ ನೋವು. ಆಮೇಲೆ ಪರಿಚಯದ ಕೋಚ್ ಒಬ್ಬರ ಹತ್ತಿರ ಕರೆದುಕೊಂಡು ಹೋದೆ. ಅವರು ಬಟ್ ಪ್ಲೇಟನ್ನು ಒಂದು ಇಂಚಿನಷ್ಟು ಇಳಿಸಿದರು. ರೈಫಲ್ ತಾನಾಗಿ ಕಣ್ಣಿನ ಮಟ್ಟಕ್ಕೆ ಬಂತು, ತಲೆ ನೆಟ್ಟಗಾಯಿತು. ಕೆನ್ನೆ ಆನಿಸುವ ಪಟ್ಟಿಯನ್ನೂ ಸರಿ ಮಾಡಿದರು. “ಕಣ್ಣು ಮುಚ್ಚಿ ಕೆನ್ನೆ ಇಡು, ತೆರೆ. ಮುಂದಿನ ಉಂಗುರ ಹಿಂದಿನ ತೂತಿನ ನಡುವೆ ಕಾಣಬೇಕು” ಅಂದರು. ಕಾಣುತ್ತಿದೆ ಅಂದಳು. ಮಲಗಿದಾಗ ತಲೆ ಮುಂದೆ ಬರುತ್ತದೆ, ಕೈ ಉದ್ದಕ್ಕೆ ಚಾಚುತ್ತದೆ. ಅದಕ್ಕೆ ಮುಂದಿನ ಕೈಗೆ ತಡೆಯಾಗಿರುವ ಹ್ಯಾಂಡ್ ಸ್ಟಾಪ್ ಮುಂದಕ್ಕೆ. ಮಂಡಿಯೂರಿದಾಗ ಸ್ವಲ್ಪ ಹಿಂದಕ್ಕೆ. ನಿಂತಾಗ ಸ್ಲಿಂಗ್, ಅಂದರೆ ರೈಫಲನ್ನು ತೋಳಿಗೆ ಬಿಗಿಯುವ ಪಟ್ಟಿ, ಬಳಸುವಂತೆಯೇ ಇಲ್ಲ.

ಈಗ ಅವಳು ರೈಫಲಿನ ಮೇಲಿರುವ ಅಳತೆಪಟ್ಟಿಯ ಪಕ್ಕ ನೇಲ್ ಪಾಲಿಶ್ ಚುಕ್ಕೆ ಇಟ್ಟಿದ್ದಾಳೆ. ಮಂಡಿಗೆ ಕೆಂಪು, ಮಲಗುವುದಕ್ಕೆ ನೀಲಿ, ನಿಲ್ಲುವುದಕ್ಕೆ ಬಿಳಿ. ನಾನು ಸೈನ್ಯದಲ್ಲಿ ಇಷ್ಟು ವರ್ಷ ಇದ್ದರೂ ನನಗೆ ಹೊಳೆದಿರಲಿಲ್ಲ! ಸ್ಪರ್ಧೆಯಲ್ಲಿ ಅರವತ್ತು ಗುಂಡಿಗೂ ಸೇರಿ ಒಂದೂವರೆ ಗಂಟೆ. ಭಂಗಿ ಬದಲಿಸುವ ಸಮಯವೂ ಅದರೊಳಗೇ. ಅಲ್ಲಿ ಕೂತು ಲೆಕ್ಕ ಹಾಕಲು ಆಗುತ್ತದೆಯೇ?

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇದೇ ಸ್ಪರ್ಧೆಯಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದರು, 451.4 ಅಂಕ. ನಮ್ಮ ಬೆಳಗಾವಿಗೆ ತಾಗಿಕೊಂಡಿರುವ ಕೊಲ್ಹಾಪುರ ಜಿಲ್ಲೆಯವರು. ಆ ಫೈನಲ್‌ನ ವಿಡಿಯೊ ಮತ್ತೆ ಸಿಕ್ಕರೆ ಗುಂಡು ಎಲ್ಲಿ ಬಿತ್ತು ಅನ್ನುವುದಿರಲಿ, ಎರಡು ಭಂಗಿಗಳ ನಡುವೆ ಅವರ ಕೈ ಏನು ಮಾಡುತ್ತದೆ ಅಂತ ಮಕ್ಕಳಿಗೆ ತೋರಿಸಿ.

ಶಿಬಿರದವರಿಗೆ ಕೇಳುವುದು ಇಷ್ಟೇ. ಆ ಟೇಪ್ ಕೀಳಿ. ಪ್ರತಿ ಮಗುವಿಗೂ ಒಂದು ಪುಟ್ಟ ನೋಟ್‌ಬುಕ್ ಕೊಟ್ಟು ಮೂರು ಭಂಗಿಯ ಅಳತೆ ಬರೆಸಿ. ಸ್ಕ್ರೂ ತಿರುಗಿಸುವ ಅಲೆನ್ ಕೀ ಸೆಟ್ ಇಲ್ಲ ಅಂದರೆ ಹೇಳಿ, ನಾನೇ ತಂದುಕೊಡುತ್ತೇನೆ.

– ಒಬ್ಬ ನಿವೃತ್ತ ಸೈನಿಕ, ಗೋಣಿಕೊಪ್ಪ